ಹ್ಯಾಮ್ ಲಾಗ್‌ಬುಕ್ ತಂತ್ರಾಂಶ: ಮೊದಲು ಸಮಯ ನೋಡಿ

ಹುಬ್ಬಳ್ಳಿ-ಧಾರವಾಡದ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರೇ, ಕಂಪ್ಯೂಟರ್ ಲಾಗ್‌ಬುಕ್‌ನಲ್ಲಿ ದಾಖಲಿಸಿದ ಸಂಪರ್ಕಗಳು ಎದುರಿನವರ ದಾಖಲೆಗೆ ಹೊಂದುತ್ತಿಲ್ಲವೇ? ಮೊದಲು ಸಮಯ ನೋಡಿ. ಲಾಗ್ ಇರಬೇಕಾದದ್ದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಾನು ನಸುಕಿನ 4 ಗಂಟೆಗೆ ಮಾಡಿದ ಸಂಪರ್ಕದ ದಿನಾಂಕವೇ ತಪ್ಪಾಗಿತ್ತು: ಯುಟಿಸಿಯಲ್ಲಿ ಅದು ಹಿಂದಿನ ದಿನದ 22:30. ದಯವಿಟ್ಟು ಕಂಪ್ಯೂಟರಿನ ಗಡಿಯಾರವನ್ನು ತಿರುಗಿಸಬೇಡಿ, ತಂತ್ರಾಂಶದೊಳಗಿನ ಸಮಯವಲಯವನ್ನು ಸರಿಪಡಿಸಿ.

ರೇಡಿಯೊದ ಆವರ್ತನ ಪರದೆಯ ಮೇಲೆ ಬಾರದಿದ್ದರೆ ಸೀರಿಯಲ್ ಪೋರ್ಟ್ (ರೇಡಿಯೊ ಕಂಪ್ಯೂಟರಿಗೆ ಜೋಡಣೆಯಾಗುವ ದಾರಿ) ಸಂಖ್ಯೆ ಬದಲಾಗಿರಬಹುದು. ಯುಎಸ್‌ಬಿ ಕೇಬಲನ್ನು ಬೇರೆ ಕಿಂಡಿಗೆ ಚುಚ್ಚಿದರೂ ಸಾಕು, 3 ಇದ್ದದ್ದು 5 ಆಗಬಹುದು. ಬಾಡ್ ದರ, ಅಂದರೆ ಮಾಹಿತಿ ಸಾಗುವ ವೇಗ, ರೇಡಿಯೊದ ಮೆನುವಿನಲ್ಲಿ 9600 ಇದ್ದರೆ ತಂತ್ರಾಂಶದಲ್ಲಿಯೂ 9600 ಇರಲಿ. ನಿಮ್ಮ ನಿಲ್ದಾಣದ ಸ್ಥಳ ತಿಳಿಸುವ ಗ್ರಿಡ್ ಸಂಕೇತ ಹುಬ್ಬಳ್ಳಿ, ಧಾರವಾಡ, ಗದಗ ನಗರಗಳಿಗೆ ಎಂಕೆ75, ಹಾವೇರಿಗೆ ಎಂಕೆ74. ಏನನ್ನೇ ಬದಲಿಸುವ ಮುನ್ನ ಲಾಗ್‌ನ ಎಡಿಐಎಫ್ (ಲಾಗ್ ತಂತ್ರಾಂಶಗಳು ಹಂಚಿಕೊಳ್ಳುವ ಸಾಮಾನ್ಯ ರೂಪ) ಕಡತವನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಿ.