ಧೃತರಾಷ್ಟ್ರನ ಪಾತ್ರ ಬೇಡವೆಂದ ನಮ್ಮ ಶಕುನಿ

ಹುಡುಗ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವನು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಹವ್ಯಾಸಿ ತಂಡ ಮಹಾಭಾರತದ ಜೂಜಿನ ಪ್ರಸಂಗ ಆಡಲು ಹೊರಟಾಗ ಅವನನ್ನು ಹಾರ್ಮೋನಿಯಂಗೆ ಅಂತ ಕರೆದಿದ್ದೆವು. ನಾಲ್ಕು ದಿನ ತಾಲೀಮು ಕೇಳಿದವನು, ತನಗೂ ಒಂದು ಪಾತ್ರ ಬೇಕು ಅಂದ. ನಾನು ಹಿಂದೆ ಮುಂದೆ ನೋಡದೆ 'ಧೃತರಾಷ್ಟ್ರ ಮಾಡಪ್ಪ' ಅಂದೆ. ದೊಡ್ಡ ಉಪಕಾರ ಮಾಡಿದೆ ಅನ್ನುವ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

'ಬ್ಯಾಡ್ರೀ ಸರ್. ಸಾಲ್ಯಾಗಿಂದ ಧೃತರಾಷ್ಟ್ರ ಆಗಿ ಆಗಿ ಸಾಕಾಗೇತಿ. ಶಕುನಿ ಕೊಡ್ರಿ.'

ನಾನು ಸುಮ್ಮನಾದೆ. ಜೂಜಾಡುವವನಿಗೆ ದಾಳ ಕಾಣಬೇಡವೇ?

ನಮ್ಮ ಕಡೆ ಕಣ್ಣು ಕಾಣದವರೆಂದರೆ ಹಾರ್ಮೋನಿಯಂ, ತಬಲಾ, ಅಷ್ಟೇ. ಆದರೆ ಅದೇ ಆಶ್ರಮದ ಪುಟ್ಟರಾಜ ಗವಾಯಿಗಳು (1914–2010) ಸಂಗೀತದ ಜೊತೆಗೆ ನಾಟಕಗಳನ್ನೂ ಬರೆದವರು, ನಾಟಕ ಕಂಪನಿ ನಡೆಸಿದವರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಪಾತ್ರ ಹಂಚುವಾಗ ನೆನಪಿಗೆ ಬರಲಿಲ್ಲ.

ಶಕುನಿಯ ಪಾತ್ರ ಕೊಟ್ಟೆ. ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ನಾನೇ ಸ್ವಲ್ಪ ಕುಹಕ ಸೇರಿಸಿ, ನಕ್ಕು, ಎಳೆದು ಹೇಳಿದ್ದೆ. ಮಾರನೆಯ ದಿನ ಫೋನು ಬಂತು: 'ಸರ್, ನಿಮ್ಮ ಶಕುನಿ ನನಗ ಬ್ಯಾಡ. ಬರೇ ಮಾತು ಓದಿ ಕಳಸ್ರಿ.' ಸರಿ, ರೇಷನ್ ಕಾರ್ಡಿನ ಹೆಸರು ಓದುವ ಹಾಗೆ ಸಪ್ಪೆಯಾಗಿ ಓದಿ ಕಳಿಸಿದೆ. ಮೂರು ದಿನದಲ್ಲಿ ಮಾತುಗಳೆಲ್ಲ ಬಾಯಿಗೆ ಬಂದಿದ್ದವು, ಅವನದೇ ಧಾಟಿಯಲ್ಲಿ. ಕಣ್ಣಿದ್ದ ಧರ್ಮರಾಯ ಮಾತ್ರ ಕೊನೆಯ ವಾರದವರೆಗೂ ಪುಸ್ತಕ ಹಿಡಿದೇ ನಿಲ್ಲುತ್ತಿದ್ದ.

ದಾಳದ ಪ್ರಶ್ನೆಯನ್ನು ಅವನೇ ಬಿಡಿಸಿದ. ಉದ್ದನೆಯ ಮರದ ಪಗಡೆ ದಾಳ ತಂದಿದ್ದೆವು, ಚುಕ್ಕೆ ಕೊರೆದದ್ದು. ಬ್ರೈಲಿನಲ್ಲಿ ಆರು ಚುಕ್ಕೆಗಳ ಮೇಲೆ ಓದು ಬರಹ ಕಲಿತ ಬೆರಳಿಗೆ ಇದ್ಯಾವ ಲೆಕ್ಕ! ಎಸೆಯುತ್ತಿದ್ದ, ಬಿದ್ದ ಸದ್ದಿಗೆ ಕೈ ಹಾಕುತ್ತಿದ್ದ, ಒಮ್ಮೆ ಬೆರಳಾಡಿಸಿ ಗರ ಹೇಳುತ್ತಿದ್ದ. ಧರ್ಮರಾಯ ಬಗ್ಗಿ ಬಗ್ಗಿ ನೋಡಬೇಕು. ಶಕುನಿ ಮುಖ ಮೇಲೆತ್ತಿಕೊಂಡೇ 'ಗೆದ್ದೆ' ಅನ್ನುತ್ತಾನೆ. ಇಷ್ಟು ಭಯ ಹುಟ್ಟಿಸುವ ಶಕುನಿಯನ್ನು ನಾನು ಕುಳಿತು ಯೋಚಿಸಿದ್ದರೂ ಕಟ್ಟಲು ಆಗುತ್ತಿರಲಿಲ್ಲ.

ಇನ್ನು ಧೃತರಾಷ್ಟ್ರ. ಆ ಪಾತ್ರಕ್ಕೆ ನಮ್ಮ ಹಿರಿಯ ನಟರೊಬ್ಬರು. ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ತಡಕಾಡುತ್ತಾ ಬರುತ್ತಿದ್ದರು. ನಮಗೆ ಅದು ಚೆನ್ನಾಗಿಯೇ ಇತ್ತು. ಜೊತೆಯವರು ಅದನ್ನು ವಿವರಿಸಿದಾಗ ಶಕುನಿ ಜೋರಾಗಿ ನಕ್ಕ. 'ಹುಟ್ಟಿ ಬೆಳದ ಅರಮನಿಯೊಳಗ ಯಾಂವರ ಹಿಂಗ ತಡಕಾಡ್ತಾನೇನ್ರೀ? ನಮ್ಮ ಮನ್ಯಾಗ ನಾ ಓಡಾಡೂದು ಬಂದು ನೋಡ್ರಿ.' ಹಿರಿಯರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ನಿಜಕ್ಕೂ ಅವನ ಮನೆಗೆ ಹೋಗಿ ಬಂದರು. ಅಲ್ಲಿಂದ ನಮ್ಮ ಧೃತರಾಷ್ಟ್ರ ನೆಟ್ಟಗೆ ನಡೆದು ಬಂದು ಸಿಂಹಾಸನದಲ್ಲಿ ಕೂರುತ್ತಿದ್ದ. ದ್ರೌಪದಿ ಅತ್ತಾಗ ಮಾತ್ರ ಎತ್ತ ತಿರುಗಬೇಕೆಂದು ತಿಳಿಯದೆ ತಲೆ ಅತ್ತಿತ್ತ ಹೊರಳಿಸುತ್ತಿದ್ದ.

ತಾಲೀಮಿನ ಜಾಗದಲ್ಲಿ ಹಳೆಯ ಹ್ಯಾಲೊಜನ್ ದೀಪಗಳಿದ್ದವು. ಮುಖಕ್ಕೆ ಶಾಖ ಬಡಿದರೆ ಬೆಳಕಿನಲ್ಲಿದ್ದೇನೆ ಅಂತ ಶಕುನಿಗೆ ಗೊತ್ತಾಗುತ್ತಿತ್ತು. ಇದು ನಮಗೆ ತಿಳಿದದ್ದೇ ಪ್ರದರ್ಶನದ ಹಿಂದಿನ ದಿನ. ರಂಗಮಂದಿರದಲ್ಲಿದ್ದದ್ದು ಎಲ್‌ಇಡಿ ದೀಪಗಳು, ಅವುಗಳ ಬೆಳಕಿನಲ್ಲಿ ಬಿಸಿಯೇ ಇಲ್ಲ. ಮೊದಲ ದೃಶ್ಯದಲ್ಲೇ ಕತ್ತಲಿಗೆ ಸರಿದು ನಿಂತುಬಿಟ್ಟ. ಜಮಖಾನದ ಅಡಿಗೆ ತೆಂಗಿನ ನಾರಿನ ಹಗ್ಗ ಎಳೆದು ಹೊಲಿದೆವು. ಬರಿಗಾಲಿಗೆ ಹಗ್ಗ ಸಿಕ್ಕರೆ ಅದು ಬೆಳಕಿನ ಅಂಚು. ಐವತ್ತು ರೂಪಾಯಿ ಖರ್ಚು. ಉಳಿದ ನಟರೂ ಕದ್ದು ಅದನ್ನೇ ಬಳಸತೊಡಗಿದರು!

ರಂಗಮಂದಿರದ ಕಥೆ ಬೇರೆ. ನಮ್ಮ ಲೈಟಿಂಗ್ ಮಾಡುವವಳು ವ್ಹೀಲ್‌ಚೇರಿನಲ್ಲಿ ಓಡಾಡುತ್ತಾಳೆ. ದೀಪ ಹೊಂದಿಸಲು ಅವಳು ವೇದಿಕೆ ಮೇಲೆ ಬರಬೇಕು. ವೇದಿಕೆ ಮೂರು ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಇಳಿಜಾರು ಅನ್ನುವುದು ನಿಯಮ. ಅಂದರೆ 36 ಅಡಿ ಉದ್ದದ ರ‍್ಯಾಂಪ್. ಎಲ್ಲಿಂದ ತರುವುದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲೆ, ಮನರಂಜನೆಗೆ ಪ್ರತ್ಯೇಕ ಕಲಮೇ ಇದೆ. ಆದರೆ ಕಟ್ಟುವವರು ಬಾಗಿಲಲ್ಲಿ, ಪ್ರೇಕ್ಷಕರಿಗೆ ಅಂತ ಒಂದು ಇಳಿಜಾರು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ನಾಟಕ ಮಾಡುವವರೂ ವ್ಹೀಲ್‌ಚೇರಿನಲ್ಲಿ ಬರಬಹುದು ಅಂತ ಯಾರಿಗೂ ಹೊಳೆದಿಲ್ಲ. ಲೈಟ್ ರೂಮಿಗಂತೂ ಕಬ್ಬಿಣದ ಮೆಟ್ಟಿಲು. ಎತ್ತಿಕೊಂಡು ಹೋಗುತ್ತೇವೆ ಅಂದೆವು. 'ನಾನೇನು ಜೋಳದ ಚೀಲಾನಾ?' ಅಂದಳು.

ಕೊನೆಗೆ ವೇದಿಕೆಯನ್ನೇ ಬಿಟ್ಟೆವು. ಮುಂದಿನ ಮೂರು ಸಾಲು ಕುರ್ಚಿ ತೆಗೆಸಿ ನೆಲದ ಮೇಲೆ ಆಡಿದೆವು. ಉದ್ದನೆಯ ಕೇಬಲ್ ಎಳೆದು ಲೈಟ್ ಬೋರ್ಡನ್ನೂ ಕೆಳಗೇ ಇಟ್ಟೆವು. ಶಕುನಿ ವೇದಿಕೆಯ ಅಂಚಿನಿಂದ ಬೀಳುವ ಭಯವೂ ಹೋಯಿತು. ಕೂತಲ್ಲಿಂದ ನಟರ ಮುಖ ಹತ್ತಿರ ಕಾಣುತ್ತದೆ ಅಂತ ಅವಳು ಈಗ ಎಲ್ಲಿ ಹೋದರೂ ಬೋರ್ಡು ಕೆಳಗೇ ಇಡಿಸುತ್ತಾಳೆ. ಸಂಭಾವನೆ ಎಲ್ಲರಿಗೂ ಒಂದೇ. ತಂಡದಲ್ಲಿ ಈ ಬಗ್ಗೆ ಗುಸುಗುಸು ಆಯಿತು, ಅದರ ವಿವರ ಇಲ್ಲಿ ಬೇಡ.

ಮೂರನೆಯ ಪ್ರದರ್ಶನದಲ್ಲಿ ದಾಳ ಜಮಖಾನ ದಾಟಿ ಪ್ರೇಕ್ಷಕರ ಕಾಲಡಿಗೆ ಉರುಳಿತು. ಸದ್ದು ಸಿಗಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಶಕುನಿ ಆರಾಮಾಗಿ ಕೈ ಚಾಚಿ, 'ಅಳಿಯಾ, ದಾಳ ಹೆಕ್ಕಿಕೊಡು' ಅಂದ. ಕಿರೀಟ ಹಾಕಿಕೊಂಡ ದುರ್ಯೋಧನ ಮಂಡಿಯೂರಿ ಕುರ್ಚಿಗಳ ಕೆಳಗೆ ದಾಳ ಹುಡುಕಿದ. ಜನ ಬಿದ್ದು ಬಿದ್ದು ನಕ್ಕರು. ಈಗ ಪ್ರತಿ ಪ್ರದರ್ಶನದಲ್ಲೂ ಒಂದು ದಾಳವನ್ನು ಬೇಕಂತಲೇ ಹೊರಗೆ ಎಸೆಯುತ್ತಾನೆ. ಎಷ್ಟು ದೂರ ಎಸೆಯುತ್ತಾನೆ ಅನ್ನುವುದು ಅವತ್ತು ದುರ್ಯೋಧನನ ಜೊತೆ ಜಗಳ ಆಗಿದೆಯೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ.