ಬಕೆಟ್ ಹ್ಯಾಂಡಲ್ ಟೇರ್: ಕತ್ತರಿಸೋದು ಬಿಟ್ಟು ಹೊಲಿದ ನನ್ನ ಅನುಭವ

ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಉದ್ದಕ್ಕೆ ಹರಿದು ಬಕೆಟ್ಟಿನ ಹಿಡಿಯ ಹಾಗೆ ಮಗುಚಿಕೊಂಡರೆ ಅದು ಬಕೆಟ್ ಹ್ಯಾಂಡಲ್ ಟೇರ್. ಮೂರ್ನಾಲ್ಕು ತಿಂಗಳು ಹಳೆಯದು ಕಂಡರೆ ನಮ್ಮ ಸರ್ಜನ್‌ಗಳಲ್ಲಿ ಬಹಳ ಜನರ ಕೈ ಸೀದಾ ಶೇವರ್‌ಗೆ, ಅಂದರೆ ಹರಿದ ಚೂರನ್ನು ಕತ್ತರಿಸಿ ತೆಗೆಯುವ ಯಂತ್ರಕ್ಕೆ, ಹೋಗುತ್ತದೆ. ಅರ್ಧ ಗಂಟೆ ಕೆಲಸ. ರೋಗಿ ಮಾರನೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾನೆ. ಮೆನಿಸ್ಕಸ್ ತೆಗೆದ ಮಂಡಿ ಮುಂದೆ ಹೇಗೆ ಸವೆಯುತ್ತದೆ ಅಂತ ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ಸರ್ಜನ್ 1948ರಲ್ಲೇ ಎಕ್ಸ್‌ರೇ ಸಮೇತ ತೋರಿಸಿದ್ದ. ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇವೆ, ಅಷ್ಟೇ.

ಹಳೆಯ ಟೇರ್‌ಗಳನ್ನೂ ಹೊಲಿಯುತ್ತೇನೆ ಅಂದಾಗ ಹಿರಿಯ ಸರ್ಜನ್ ಒಬ್ಬರು, "ಏನಪ್ಪ, ಟೈಲರಿಂಗ್ ಅಂಗಡಿ ಇಡ್ತೀಯಾ?" ಅಂದರು. ಅವರ ಅನುಮಾನ ಸುಮ್ನೆ ಅಲ್ಲ. ರಕ್ತ ಸಿಗೋದು ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ, ರಕ್ತ ಇಲ್ಲದ ಕಡೆ ಹೊಲಿದದ್ದು ಕೂಡೋದು ಕಷ್ಟ. ಮೇಲಾಗಿ ದುಡ್ಡಿನ ಲೆಕ್ಕ ಬೇರೆ.

ನನ್ನ ಹತ್ತಿರ ಬರೋರು ಮಲೆನಾಡಿನ ಕಡೆಯವರು. ಕಬಡ್ಡಿ ಆಡುವ ಹುಡುಗರು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು. ಮಂಡಿಯ ಒಳಗಿನಿಂದಲೇ ಹೊಲಿಗೆ ಹಾಕುವ ರೆಡಿಮೇಡ್ ಸಾಧನ, ಆಲ್-ಇನ್‌ಸೈಡ್ ಡಿವೈಸ್, ಒಂದಕ್ಕೆ ಹದಿನೈದು ಇಪ್ಪತ್ತು ಸಾವಿರ. ದೊಡ್ಡ ಟೇರ್‌ಗೆ ಐದಾರು ಬೇಕು. ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ, ಬರೀ ಹೊಲಿಗೆಗೆ! ಅಡಿಕೆ ರೇಟು ಏರಿದ ವರ್ಷ ತೋಟದ ಯಜಮಾನ ಕೊಟ್ಟಾನು. ಮರ ಹತ್ತುವವನು ಎಲ್ಲಿಂದ ತರುತ್ತಾನೆ?

ಅದಕ್ಕೇ ಹಳೆಯ ಔಟ್‌ಸೈಡ್-ಇನ್ ದಾರಿ ಹಿಡಿದೆ, ಅಂದರೆ ಹೊರಗಿನಿಂದ ಸೂಜಿ ಚುಚ್ಚಿ ಒಳಗೆ ಹೊಲಿಯೋದು. ಹದಿನೆಂಟು ಗೇಜಿನ ಎರಡು ಸ್ಪೈನಲ್ ಸೂಜಿ (ಬೆನ್ನಿಗೆ ಅರಿವಳಿಕೆ ಕೊಡುವಂಥದ್ದು), ಒಂದರಲ್ಲಿ ದಾರ, ಇನ್ನೊಂದರಲ್ಲಿ ಆ ದಾರವನ್ನು ಹೊರಗೆಳೆಯಲು ಪ್ರೋಲೀನ್ ದಾರದ ಕುಣಿಕೆ. ಹಿಂಭಾಗಕ್ಕೆ ಸೂಜಿ ತಲುಪುವುದಿಲ್ಲ, ಅಲ್ಲಿ ಮಾತ್ರ ಒಂದೋ ಎರಡೋ ಡಿವೈಸ್. ಮಧ್ಯ, ಮುಂಭಾಗ ಎಲ್ಲ ಸೂಜಿಯಲ್ಲೇ. ಲಕ್ಷದ ಖರ್ಚು ಮೂವತ್ತೈದು ನಲವತ್ತು ಸಾವಿರಕ್ಕೆ ಇಳಿಯಿತು. ಡಿವೈಸ್ ಮಾರುವ ಕಂಪನಿಯ ಹುಡುಗ ನನ್ನ ಥಿಯೇಟರ್ ಕಡೆ ಬರೋದೇ ಕಡಿಮೆ ಮಾಡಿದ.

ಮೊದಮೊದಲ ಏಳೆಂಟು ಕೇಸಲ್ಲಿ ಎರಡು ಮೂರು ಬಿಟ್ಟುಕೊಂಡವು. ಆಗ ಪಿಡಿಎಸ್ ಅನ್ನೋ ಕರಗುವ ದಾರ ಬಳಸುತ್ತಿದ್ದೆ. ಹಳೆಯ ಟೇರ್ ಕೂಡೋದು ನಿಧಾನ, ಅಷ್ಟರಲ್ಲಿ ದಾರದ ಬಲವೇ ಹೋಗಿರುತ್ತದೆ. ಕರಗದ ದಾರಕ್ಕೆ ಬದಲಾಯಿಸಿದೆ. ಆಗ ಇನ್ನೊಂದು ತಕರಾರು: ಸಣಕಲು ಹುಡುಗರಿಗೆ ಗಂಟು ಚರ್ಮದಡಿ ಚುಚ್ಚುತ್ತದೆ. ಗಂಟನ್ನು ಎಲ್ಲಿ ಅಡಗಿಸಬೇಕು ಅನ್ನೋದಕ್ಕೆ ನನ್ನದೊಂದು ಉಪಾಯ ಇದೆ. ಬರೆದರೆ ಅರ್ಥ ಆಗಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ. ಇನ್ನೊಬ್ಬ ಮೂರನೇ ವಾರಕ್ಕೇ ಮಂಡಿಗೆ ಕಟ್ಟಿದ ಬ್ರೇಸ್ ಬಿಚ್ಚಿಟ್ಟು ಕುಕ್ಕರಗಾಲಲ್ಲಿ ಪಾಯಿಖಾನೆಗೆ ಕೂತ. ಹೊಲಿಗೆ ಪಟ್ ಅಂತ ಹೋಯಿತು. ಅವನನ್ನು ಬೈದು ಏನು ಉಪಯೋಗ? ಮನೆಯಲ್ಲಿ ಇರೋದೇ ಅದು. ಈಗ ಕಮೋಡ್ ಕುರ್ಚಿಯ ದುಡ್ಡನ್ನೂ ಆಪರೇಷನ್ ಖರ್ಚಿನಲ್ಲೇ ಸೇರಿಸುತ್ತೇನೆ. ಮೂರು ಸಾವಿರದೊಳಗೆ ಬರುತ್ತದೆ. ನಾಲ್ಕು ತಿಂಗಳು ಕುಕ್ಕರಗಾಲು ಇಲ್ಲ, ಚಕ್ಕಳಮಕ್ಕಳ ಇಲ್ಲ.

ನಡುವೆ ಕುರಿಯ ಹುಚ್ಚು ಹಿಡಿಯಿತು. ಮಟನ್ ಅಂಗಡಿಯಿಂದ ಮಂಡಿ ಕೀಲು ತರಿಸಿ, ಮೆನಿಸ್ಕಸ್ ಸೀಳಿ, ಹೊಲಿದು, ನೀರು ತುಂಬಿದ ಬಾಟಲಿಗಳನ್ನು ನೇತುಹಾಕಿ ನೋಡುತ್ತಿದ್ದೆ. ಅಡ್ಡ ಹೊಲಿಗೆಗಿಂತ ಲಂಬ (ವರ್ಟಿಕಲ್) ಹೊಲಿಗೆ ಜಾಸ್ತಿ ಭಾರ ತಡೆಯಿತು. ಪುಸ್ತಕದಲ್ಲೂ ಅದೇ ಇದೆ ಬಿಡಿ, ಆದರೆ ಕೈಯಾರೆ ನೋಡಿದ ಮೇಲೆ ಸೋಮಾರಿತನಕ್ಕೆ ಅಡ್ಡ ಹೊಲಿಗೆ ಹಾಕುವ ಮನಸ್ಸು ಬರಲ್ಲ. ಮನೆಯವಳು ಮಾತ್ರ ಆ ಕೀಲುಗಳನ್ನು ಫ್ರಿಜ್ಜಿಗೆ ಸೇರಿಸಲಿಲ್ಲ.

ನಿಜವಾದ ತಿರುವು ರಕ್ತದ್ದು. ಎಸಿಎಲ್ (ಮಂಡಿಯ ನಡುವಿನ ಲಿಗಮೆಂಟ್) ಆಪರೇಷನ್ ಜೊತೆ ಹೊಲಿದ ಮೆನಿಸ್ಕಸ್ ಚೆನ್ನಾಗಿ ಕೂಡುತ್ತದೆ, ಒಂಟಿಯಾಗಿ ಹೊಲಿದದ್ದು ಹೆಚ್ಚು ಕೈಕೊಡುತ್ತದೆ. ಎಸಿಎಲ್ ಕೂರಿಸಲು ಎಲುಬಿನಲ್ಲಿ ಟನಲ್ ಕೊರೆದಾಗ ಮಜ್ಜೆಯ ರಕ್ತ ಮಂಡಿಯೊಳಗೆ ಇಳಿಯುತ್ತದಲ್ವಾ, ಅದರ ಪುಣ್ಯ. ಹಾಗಾಗಿ ಎಸಿಎಲ್ ಸರಿಯಿದ್ದವರಿಗೂ ತೊಡೆ ಎಲುಬಿನ ತುದಿಯ ನಾಚ್ ಅನ್ನೋ ಸಂದಿನಲ್ಲಿ ಚೂಪು ದಬ್ಬಣದಿಂದ ನಾಲ್ಕೈದು ತೂತು ಹಾಕತೊಡಗಿದೆ. ತೀರಾ ಹಳೆಯದಾದರೆ ರೋಗಿಯದೇ ಐವತ್ತು ಎಂಎಲ್ ರಕ್ತ ತೆಗೆದು, ಗಾಜಿನ ಬಟ್ಟಲಲ್ಲಿ ಗಾಜಿನ ಕಡ್ಡಿಯಿಂದ ಹತ್ತು ನಿಮಿಷ ತಿರುವಿ, ಕಡ್ಡಿಗೆ ಅಂಟಿದ ಹೆಪ್ಪುಗಟ್ಟಿದ ಗರಣೆಯನ್ನು ಟೇರ್‌ನೊಳಗೆ ಕೂರಿಸುತ್ತೇನೆ. ಖರ್ಚು ಸೊನ್ನೆ. ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಹಾಕುವ ಪಿಆರ್‌ಪಿ ಕಿಟ್ಟೂ ನೋಡಿದೆ. ಸಾವಿರಗಟ್ಟಲೆ ಸುರಿದರೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ, ಬಿಟ್ಟೆ. ಗರಣೆ ಆಪರೇಷನ್ ವೇಳೆ ಮಂಡಿಯೊಳಗೆ ಹರಿಸುವ ಸಲೈನ್‌ನಲ್ಲಿ ತೇಲಿಹೋಗದ ಹಾಗೆ ಹಿಡಿಯೋದು ಹೇಗೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಬ್ಬ ಕಬಡ್ಡಿ ಹುಡುಗ. ಮಂಡಿ ಲಾಕ್ ಆಗಿ ಚಾಚಲು ಬರುತ್ತಿರಲಿಲ್ಲ, ಎಸಿಎಲ್ ಕೂಡ ಹೋಗಿತ್ತು. ಮೊದಲು ಮೆನಿಸ್ಕಸ್ ಹೊಲಿದು, ಮಂಡಿ ಪೂರ್ತಿ ಚಾಚುವಂತಾದ ಮೇಲೆ ಎಸಿಎಲ್ ಅಂತ ಎರಡು ಹಂತ ಮಾಡಿದೆ. ಅಷ್ಟರಲ್ಲಿ ಮನೆಯವರು ಬೇರೆ ಕಡೆ ಎಂಆರ್‌ಐ ಮಾಡಿಸಿದರು. ರಿಪೋರ್ಟಲ್ಲಿ "ಮತ್ತೆ ಹರಿದಿದೆ" ಅಂತ ಬಂತು. ಸುದ್ದಿ ನನಗಿಂತ ಮೊದಲು ಊರಿಗೆ ಮುಟ್ಟಿತು. ಹೊಲಿದ ಮೆನಿಸ್ಕಸ್ ಕೂಡಿದ ಮೇಲೂ ಎಂಆರ್‌ಐನಲ್ಲಿ ಬಿಳಿ ಗೆರೆ ವರ್ಷಗಟ್ಟಲೆ ಉಳಿಯಬಹುದು. ಹೇಳಿದರೆ ಕೇಳೋರು ಯಾರು? ಎಸಿಎಲ್ ದಿನ ಆ ಟೈಲರ್ ಅಂದ ಹಿರಿಯರನ್ನೇ ಕರೆದು ಪ್ರೋಬ್, ಅಂದರೆ ಎಳೆದು ನೋಡುವ ಕೊಕ್ಕೆ ಕಡ್ಡಿ, ಕೈಗೆ ಕೊಟ್ಟೆ. ಎಳೆದು ನೋಡಿದರು, ಒತ್ತಿ ನೋಡಿದರು, ಜಗ್ಗಲಿಲ್ಲ. "ಫೋಟೋ ಹೊಡ್ಕೊ" ಅಂದರು.

ಇಲ್ಲಿಯವರೆಗೆ ನಲವತ್ತರ ಮೇಲೆ ಆಗಿರಬೇಕು. ಸೋತದ್ದು ಏಳೋ ಎಂಟೋ, ಆ ಶುರುವಿನವೂ ಸೇರಿ. ಐವತ್ತು ದಾಟಿದವರ ಸವೆದು ಚಿಂದಿಯಾದ ಮೆನಿಸ್ಕಸ್‌ಗೆ ಈಗಲೂ ಕೈ ಹಾಕಲ್ಲ. ಅವರಿಗೆ ಫಿಸಿಯೋನೇ ಸರಿ. ಹೊರಬದಿಯ ಮೆನಿಸ್ಕಸ್ ಆದರೆ ಮಂಡಿ ತೊಂಬತ್ತು ಡಿಗ್ರಿ ಮಡಚದೆ ಸೂಜಿ ಎತ್ತಲೇಬೇಡಿ, ಪಾದ ಎತ್ತಲು ಬೇಕಾದ ಪೆರೋನಿಯಲ್ ನರ ಅಲ್ಲೇ ಪಕ್ಕದಲ್ಲಿರುತ್ತದೆ.