ಹಳದಿ ಹೂವಿನ ಎತ್ತರದ ಗಿಡ: ಗುರುತು ಹಿಡಿಯುವುದು ಹೇಗೆ?

ಆಳೆತ್ತರದ ಗಿಡ, ತುದಿಯಲ್ಲಿ ಸೂರ್ಯಕಾಂತಿಯಂಥ ಹಳದಿ ಹೂ. ಇಷ್ಟನ್ನೇ ನಂಬಿ ಹೆಸರು ಹೇಳಹೊರಟರೆ ಎಡವುವುದು ಖಚಿತ. ಸೂರ್ಯಕಾಂತಿಯೂ ಸೇರಿದ ಆಸ್ಟರ್ ಕುಟುಂಬದಲ್ಲಿ ಇದೇ ವೇಷದ ಬಹುವಾರ್ಷಿಕಗಳು ಬೇಕಾದಷ್ಟಿವೆ. ಮೊಬೈಲಿನಲ್ಲಿ ಹೂವನ್ನಷ್ಟೇ ಸೆರೆಹಿಡಿದವರಿಗೆ ಉತ್ತರ ಸಿಗದಿರುವುದು ಇದೇ ಕಾರಣಕ್ಕೆ.

ಮೊದಲು ಕುಟುಂಬವನ್ನು ಖಚಿತಪಡಿಸಿಕೊಳ್ಳಿ. ಹೂವನ್ನು ಉದ್ದಕ್ಕೆ ಸೀಳಿ ನೋಡಿ. ನಡುವಿನ ಬಿಲ್ಲೆಯಲ್ಲಿ ಪುಟ್ಟ ಕೊಳವೆ ಹೂಗಳು ಒತ್ತಾಗಿ ನಿಂತಿರಬೇಕು. ಅಂಚಿನ ಒಂದೊಂದು ಎಸಳೂ ಒಂದೊಂದು ಹೂವೇ. ಬಿಲ್ಲೆಯೇ ಇಲ್ಲದೆ ಬರೀ ಎಸಳಿದ್ದು, ಕಾಂಡ ಮುರಿದಾಗ ಹಾಲು ಒಸರಿದರೆ ಅದು ಡ್ಯಾಂಡೆಲಿಯನ್ ಎಂಬ ಕಳೆಗಿಡದ ಬಳಗ. ಈ ಲೇಖನ ಅದರದಲ್ಲ.

ಇನ್ನು ಹೂವನ್ನು ಬಿಟ್ಟು ಕಾಂಡಕ್ಕೆ ಬನ್ನಿ. ಅರ್ಧ ಉತ್ತರ ಅಲ್ಲೇ ಇದೆ. ಬೆರಳಾಡಿಸಿದಾಗ ನಾಲ್ಕು ಮೂಲೆ ತಗುಲಿ, ಎದುರುಬದುರಿನ ಎಲೆಗಳ ಬುಡ ಒಂದಕ್ಕೊಂದು ಬೆಸೆದು ಬೊಗಸೆಯಂತಾಗಿದ್ದರೆ ಅದು ಸಿಲ್ಫಿಯಂ ಪರ್ಫೋಲಿಯೇಟಂ, ಅಂದರೆ ಕಪ್ ಪ್ಲಾಂಟ್. ಮಳೆ ನಿಂತ ಮೇಲೂ ಆ ಬೊಗಸೆಯಲ್ಲಿ ನೀರಿರುತ್ತದೆ. ಕಾಂಡ ದುಂಡಗಿದ್ದು ಒರಟು ರೋಮ ಕೈಗೆ ಚುಚ್ಚಿದರೆ, ಕೆಳಗಿನ ಎಲೆಗಳು ಜೋಡಿಯಾಗಿ, ಮೇಲಿನವು ಒಂಟೊಂಟಿಯಾಗಿ ಬಂದಿದ್ದರೆ ಸೂರ್ಯಕಾಂತಿಯದೇ ಕುಲದ, ತಿನ್ನುವ ಗೆಡ್ಡೆಯ ಜೆರುಸಲೇಮ್ ಆರ್ಟಿಚೋಕ್ ಇರಬಹುದು. ಬುಡ ಕೆದಕಿ, ಗಂಟುಗಂಟಾದ ಗೆಡ್ಡೆ ಕಂಡರೆ ಅನುಮಾನ ಬಹುಮಟ್ಟಿಗೆ ತೀರಿತು. ಕಾಂಡದುದ್ದಕ್ಕೂ ತೆಳುವಾದ ಹಸಿರು ರೆಕ್ಕೆ ಇಳಿದು, ಎಸಳಿನ ತುದಿ ಮೂರಾಗಿ ಸೀಳಿದ್ದರೆ ಹೆಲೇನಿಯಂ.

ಎಲೆಯನ್ನು ಮಗುಚಿ ನೋಡುವುದನ್ನು ಮರೆಯಬೇಡಿ. ಭಾರಿ ಎಲೆ, ಅಡಿಯಲ್ಲಿ ಬೂದುಬಿಳಿ ಮಖಮಲ್ಲು, ಹೂವಿಗೆ ದಾರದಂಥ ತೆಳು ಎಸಳುಗಳು: ಇದು ಎಲೆಕ್ಯಾಂಪೇನ್. ಎಲೆ ಆಳವಾಗಿ ಸೀಳಿ, ಎಸಳುಗಳು ಕೆಳಗೆ ಜೋತು, ಹಸಿರು ಬಿಲ್ಲೆ ಉಬ್ಬಿ ನಿಂತಿದ್ದರೆ ರಡ್‌ಬೆಕಿಯಾ ಲ್ಯಾಸಿನಿಯೇಟಾ.

ಇಷ್ಟಾದರೂ ಸಿಲ್ಫಿಯಮ್ಮೋ ಸೂರ್ಯಕಾಂತಿಯ ಕುಲವೋ ಎಂಬ ಗೊಂದಲ ಉಳಿದರೆ ಎಸಳು ಬಾಡುವವರೆಗೆ ಕಾಯಿರಿ. ನನ್ನ ಮಟ್ಟಿಗೆ ಇದೇ ಅತ್ಯಂತ ಸೊಗಸಾದ ಪರೀಕ್ಷೆ. ಸಿಲ್ಫಿಯಂನಲ್ಲಿ ಬೀಜ ಕಟ್ಟುವುದು ಅಂಚಿನ ಹೂಗಳು, ನಡುವಿನವು ಬಂಜೆ. ಸೂರ್ಯಕಾಂತಿಯಲ್ಲಿ ಸರಿಯಾಗಿ ತಿರುವುಮುರುವು.

ಸೂರ್ಯಕಾಂತಿಯ ಪ್ರಭೇದಗಳು ತಮ್ಮತಮ್ಮಲ್ಲೇ ಬೆರೆತು ಮಿಶ್ರತಳಿ ಹುಟ್ಟಿಸುವುದರಿಂದ ಕೆಲವೊಮ್ಮೆ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ. ಗೆಡ್ಡೆ ಸಿಕ್ಕಿತೆಂದು ಬಾಯಿಗಿಡುವ ಮುನ್ನ ಬಲ್ಲವರಿಗೆ ತೋರಿಸಿ. ಇದೇ ಕುಟುಂಬದ ಹಳದಿ ಹೂವಿನ ರಾಗ್‌ವರ್ಟ್‌ನಲ್ಲಿ ಯಕೃತ್ತನ್ನು ಕೆಡಿಸುವ ವಿಷವಿದೆ.